ಓಟಿಪಿ ಬಾರದವರೂ ಪ್ರಜೆಗಳೇ

ದೆಹಲಿಯ ಪೀತಮ್‌ಪುರದಲ್ಲಿ ಯಾವ ಬೀದಿಯಲ್ಲಿ ನಿಂತರೂ ದೂರದರ್ಶನದ ಗೋಪುರ ಕಾಣುತ್ತದೆ. ಅದರ ಎತ್ತರ 235 ಮೀಟರ್. ಹತ್ತಿರದಲ್ಲೇ ನೇತಾಜಿ ಸುಭಾಷ್ ಪ್ಲೇಸ್‌ನ ಗಾಜಿನ ಕಚೇರಿಗಳಿವೆ, ದಿಲ್ಲಿ ಹಾಟ್ ಇದೆ, ಮೆಟ್ರೊ ಇದೆ. ರಿಂಗ್ ರೋಡ್ ದಾಟಿದರೆ ವಜೀರ್‌ಪುರದ ಕೈಗಾರಿಕಾ ಪ್ರದೇಶ. ನಮ್ಮೆಲ್ಲರ ಮನೆಯ ಸ್ಟೀಲ್ ತಟ್ಟೆ ಲೋಟಗಳಿಗೆ ತಗಡು ಸಿದ್ಧವಾಗುವುದು ಅಲ್ಲಿ, ಬೆಂಕಿ ಮತ್ತು ಆಸಿಡ್ ನಡುವೆ ಕೆಲಸ ಮಾಡುವವರ ಕೈಯಲ್ಲಿ. ಇನ್ನೊಂದು ಪಕ್ಕಕ್ಕೆ ಶಕೂರ್‌ಪುರದ ಪುನರ್ವಸತಿ ಕಾಲೊನಿ. ಮೊಬೈಲ್ ಸಿಗ್ನಲ್ ಈ ಎಲ್ಲ ಕಡೆಯೂ ಒಂದೇ ತೆರನಾಗಿ ಸಿಗುತ್ತದೆ. ಆದರೆ 2020ರ ಏಪ್ರಿಲಿನಲ್ಲಿ ಆ ಸಿಗ್ನಲ್ ಹಿಡಿದು ಸರ್ಕಾರದವರೆಗೆ ತಲುಪಲು ಕೆಲವರಿಗೆ ಸಾಧ್ಯವಾಯಿತು, ಕೆಲವರಿಗೆ ಆಗಲಿಲ್ಲ. ಆಗದವರು ಹಸಿದರು.

ಆ ತಿಂಗಳು ನಡೆದದ್ದನ್ನು ನೆನಪಿಸಿಕೊಳ್ಳಿ. ಲಾಕ್‌ಡೌನ್ ಬಿದ್ದಿತ್ತು, ಕೂಲಿ ನಿಂತಿತ್ತು. 2013ರ ಆಹಾರ ಭದ್ರತಾ ಕಾಯ್ದೆಯ ಲೆಕ್ಕದಲ್ಲಿ ದೆಹಲಿಯಲ್ಲಿ ಪಡಿತರ ಸಿಗುವುದು ಸುಮಾರು 72 ಲಕ್ಷ ಮಂದಿಗೆ ಮಾತ್ರ. ಆ ಮಿತಿ ನಿಂತಿರುವುದು 2011ರ ಜನಗಣತಿಯ ಮೇಲೆ. ಬಿಹಾರದಿಂದ, ಉತ್ತರ ಪ್ರದೇಶದಿಂದ ಬಂದು ಬಾಡಿಗೆ ಕೋಣೆಯಲ್ಲಿ ಐದಾರು ಮಂದಿ ಒಟ್ಟಿಗೆ ಇರುವವರ ಬಳಿ ದೆಹಲಿಯ ಪಡಿತರ ಚೀಟಿ ಎಲ್ಲಿಂದ ಬರಬೇಕು? ಅಂಥವರಿಗಾಗಿ ದೆಹಲಿ ಸರ್ಕಾರ ಇ-ಕೂಪನ್ ಯೋಜನೆ ತಂದಿತು. ಉದ್ದೇಶ ಒಳ್ಳೆಯದೇ. ತಲೆಗೆ ಐದು ಕಿಲೊ ಧಾನ್ಯ: ನಾಲ್ಕು ಕಿಲೊ ಗೋಧಿ, ಒಂದು ಕಿಲೊ ಅಕ್ಕಿ. ಪಡೆಯಬೇಕಾದರೆ ಜಾಲತಾಣಕ್ಕೆ ಹೋಗಬೇಕು, ಮೊಬೈಲ್ ನಂಬರ್ ಕೊಡಬೇಕು, ಓಟಿಪಿ ಹಾಕಬೇಕು, ಆಧಾರ್ ವಿವರ ಏರಿಸಬೇಕು, ಆಮೇಲೆ ಮೆಸೇಜಿನಲ್ಲಿ ಬರುವ ಕೂಪನ್ ಇಳಿಸಿಕೊಂಡು ಗೊತ್ತುಮಾಡಿದ ಶಾಲೆಗೆ ಹೋಗಬೇಕು. ಇಷ್ಟೂ ಕೆಲಸವನ್ನು ಸ್ಮಾರ್ಟ್‌ಫೋನ್ ಇಲ್ಲದವರು, ಇದ್ದರೂ ರೀಚಾರ್ಜಿಗೆ ದುಡ್ಡಿಲ್ಲದವರು, ರೀಚಾರ್ಜ್ ಮಾಡಿಸಲು ಹೋದರೆ ಅಂಗಡಿಯೇ ಮುಚ್ಚಿರುವವರು ಮಾಡಬೇಕಿತ್ತು. ಸೈಬರ್ ಕೆಫೆಗಳಿಗೂ ಬೀಗ ಬಿದ್ದಿತ್ತು. ಜನ ಒಮ್ಮೆಲೇ ನುಗ್ಗಿದ್ದರಿಂದ ಜಾಲತಾಣವೂ ಕೈಕೊಟ್ಟಿತು. ದೆಹಲಿ ರೋಜಿ ರೋಟಿ ಅಧಿಕಾರ್ ಅಭಿಯಾನ್ ಎಂಬ ಸಂಘಟನೆ ಪಡಿತರದ ಪ್ರಶ್ನೆಯನ್ನು ಹೈಕೋರ್ಟಿಗೆ ಒಯ್ಯಬೇಕಾಯಿತು.

ಕೊನೆಗೆ ಸರ್ಕಾರವೇ ದಾರಿ ಬದಲಿಸಿತು. ಕಾಗದಪತ್ರ, ಫೋನು ಇಲ್ಲದವರಿಗೆ ಹಂಚಲೆಂದು ಶಾಸಕರಿಗೂ ಸಂಸದರಿಗೂ ತಲಾ 2,000 ಕೂಪನ್ ಕೊಡುವುದಾಗಿ ಹೇಳಿತು. ಮರುವರ್ಷ ಎರಡನೆಯ ಅಲೆ ಬಂದಾಗ, 2021ರ ಜೂನಿನಲ್ಲಿ, ಪಡಿತರ ಚೀಟಿ ಇಲ್ಲದವರು ನೋಂದಣಿಯ ಗೋಜಿಲ್ಲದೆ ಆಧಾರ್ ಹಿಡಿದು ನೇರವಾಗಿ ಶಾಲೆಗೆ ಬಂದು ಧಾನ್ಯ ಒಯ್ಯಬಹುದು ಎಂದಿತು. ಶಾಲೆಯ ವರಾಂಡದಲ್ಲಿ ಒಂದು ಮೇಜು, ಒಬ್ಬ ಶಿಕ್ಷಕ, ಒಂದು ತಕ್ಕಡಿ. ಇಷ್ಟು ಸಾಕಿತ್ತು. ಇದನ್ನು ಮೊದಲ ದಿನವೇ ಏಕೆ ಮಾಡಲಿಲ್ಲ ಎಂಬ ಪ್ರಶ್ನೆ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ.

ಬಂಧುಗಳೇ, ಈ ಬರಹ ದೆಹಲಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ, ಅದಕ್ಕೂ ಮಿಗಿಲಾಗಿ ಬೆಂಗಳೂರಿನಲ್ಲಿ ಕುಳಿತು ಇಂಥ ಆ್ಯಪು, ಪೋರ್ಟಲ್ಲುಗಳನ್ನು ಕಟ್ಟುವ ನಮ್ಮ ಮಕ್ಕಳಿಗೆ. ನಾನು ಕೇಳುವುದು ಒಂದೇ. ಪ್ರವಾಹ, ಬರ, ರೋಗ, ವಿಷಗಾಳಿ, ಯಾವ ಸಂಕಟವೇ ಇರಲಿ, ಸರ್ಕಾರ ಡಿಜಿಟಲ್ ವ್ಯವಸ್ಥೆ ತೆರೆದ ದಿನವೇ ಅದರ ಪಕ್ಕದಲ್ಲಿ ಮನುಷ್ಯ ಕೂತಿರುವ ಕೌಂಟರ್ ಕೂಡ ತೆರೆದಿರಬೇಕು. ಕೋರ್ಟು ಛೀಮಾರಿ ಹಾಕಿದ ಮೇಲೆ ತೆರೆಯುವ ಕೌಂಟರ್ ಸಾಲದು. ಸತ್ತವರಿಗೆ ಅದು ಉಪಯೋಗಕ್ಕೆ ಬರುವುದಿಲ್ಲ.

ಪಡಿತರದ ಮಾತಾಯಿತು, ಇನ್ನು ಆಸ್ಪತ್ರೆಯದು. 2020ರ ಜೂನಿನಲ್ಲಿ ‘ದೆಹಲಿ ಕೊರೊನಾ’ ಎಂಬ ಆ್ಯಪ್ ಬಂತು. ಯಾವ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ, ಎಷ್ಟು ವೆಂಟಿಲೇಟರ್ ಖಾಲಿ ಎಂದು ತೋರಿಸುವುದು ಅದರ ಕೆಲಸ. ಒಳ್ಳೆಯ ಯೋಚನೆ, ಅನೇಕರಿಗೆ ನೆರವೂ ಆಯಿತು. ಆದರೆ 2021ರ ಏಪ್ರಿಲಿನ ಕೊನೆಗೆ ಆ್ಯಪಿನಲ್ಲಿ ಖಾಲಿ ಎಂದು ಕಂಡ ಹಾಸಿಗೆಯನ್ನು ನಂಬಿ ಹೋದವರು ಆಸ್ಪತ್ರೆಯ ಗೇಟಿನಿಂದ ವಾಪಸಾದರು. ಪೀತಮ್‌ಪುರಕ್ಕೆ ಅಂಟಿಕೊಂಡೇ ಇರುವ ರೋಹಿಣಿಯ ಜೈಪುರ್ ಗೋಲ್ಡನ್ ಆಸ್ಪತ್ರೆಯಲ್ಲಿ ಏಪ್ರಿಲ್ 23ರ ರಾತ್ರಿ ಆಮ್ಲಜನಕದ ಒತ್ತಡ ಕುಸಿಯಿತು. ಸಂಜೆ ಬರಬೇಕಾಗಿದ್ದ ಟ್ಯಾಂಕರ್ ಬಂದಾಗ ನಡುರಾತ್ರಿ. ಕನಿಷ್ಠ 20 ರೋಗಿಗಳು ತೀರಿಕೊಂಡರೆಂದು ಆಸ್ಪತ್ರೆಯೇ ಹೇಳಿತು. ಹತ್ತು ದಿನ ಕಳೆಯುವುದರೊಳಗೆ ನಮ್ಮ ಚಾಮರಾಜನಗರ. ಮೇ 2ರ ರಾತ್ರಿಯಿಂದ 3ರ ಬೆಳಗಿನೊಳಗೆ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿಯ ಸಾವು. ಮೈಸೂರಿನಿಂದ ಬರಬೇಕಿದ್ದ ಸಿಲಿಂಡರುಗಳ ಮಾತು, ಯಾರು ತಡೆದರು ಎಂಬ ಜಗಳ, ಹೈಕೋರ್ಟ್ ನೇಮಿಸಿದ ಸಮಿತಿ. ಎರಡೂ ಕಡೆ ವಾರ್ ರೂಮುಗಳಿದ್ದವು, ಗಂಟೆಗಂಟೆಗೂ ಅಂಕಿ ಅಂಶ ಇತ್ತು. ಇಷ್ಟು ಸಿಲಿಂಡರ್ ಉಳಿದಿದೆ, ಇಷ್ಟು ಗಂಟೆಗೆ ಮುಗಿಯುತ್ತದೆ ಎಂಬುದನ್ನು ನೋಡಿ ಲಾರಿ ಹತ್ತಿಸುವ ಹೊಣೆ ಯಾರ ಹೆಸರಿನಲ್ಲಿತ್ತು? ಆ ಹೆಸರು ಯಾವ ಪರದೆಯ ಮೇಲೂ ಇರಲಿಲ್ಲ.

ಅದೇ ವರ್ಷದ ಜುಲೈ 20ರಂದು ರಾಜ್ಯಸಭೆಯಲ್ಲಿ ಕೇಂದ್ರ ಸರ್ಕಾರ ಉತ್ತರ ಕೊಟ್ಟಿತು: ಆಮ್ಲಜನಕದ ಕೊರತೆಯಿಂದ ಸತ್ತವರೆಂದು ರಾಜ್ಯಗಳಾಗಲಿ ಕೇಂದ್ರಾಡಳಿತ ಪ್ರದೇಶಗಳಾಗಲಿ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ನಮೂನೆಯಲ್ಲಿ ಆ ಕಾಲಮ್ಮು ಇಲ್ಲದಿದ್ದರೆ ಆ ಸಾವೂ ಇಲ್ಲ. ರೋಹಿಣಿಯಲ್ಲಿ, ಚಾಮರಾಜನಗರದಲ್ಲಿ ಅಪ್ಪನನ್ನೋ ಹೆಂಡತಿಯನ್ನೋ ಕಳೆದುಕೊಂಡವರು ಆ ಉತ್ತರವನ್ನು ಹೇಗೆ ಕೇಳಿಸಿಕೊಂಡಿರಬೇಕು ಎಂದು ಒಂದು ಕ್ಷಣ ಯೋಚಿಸಿ.

ಬೆಂಗಳೂರಿನ ಮಾತನ್ನೂ ಹೇಳಿಬಿಡುತ್ತೇನೆ. 2021ರ ಮೇ 4ರಂದು ಬಿಬಿಎಂಪಿಯ ಹಾಸಿಗೆ ಹಂಚಿಕೆಯ ವ್ಯವಸ್ಥೆಯಲ್ಲಿ ಬ್ಲಾಕಿಂಗ್ ನಡೆಯುತ್ತಿದೆ ಎಂಬುದು ಬಯಲಾಯಿತು. ಲಕ್ಷಣವೇ ಇಲ್ಲದವರ ಹೆಸರಲ್ಲಿ ಹಾಸಿಗೆ ಹಿಡಿದಿಟ್ಟು, ಬೇರೆಯವರಿಗೆ ದುಡ್ಡಿಗೆ ಬಿಡುತ್ತಾರೆ ಎಂಬ ಆರೋಪ. ತನಿಖೆ ಆಗಲೇಬೇಕಿತ್ತು. ಆದರೆ ಮೊದಲು ಆದದ್ದು ಏನು? 205 ಮಂದಿ ಕೆಲಸ ಮಾಡುತ್ತಿದ್ದ ವಾರ್ ರೂಮಿನಲ್ಲಿ 17 ಮುಸ್ಲಿಂ ಯುವಕರ ಹೆಸರನ್ನಷ್ಟೇ ಆರಿಸಿ ಕ್ಯಾಮೆರಾ ಮುಂದೆ ಓದಲಾಯಿತು. ಅವರನ್ನು ಕೆಲಸದಿಂದ ಇಳಿಸಿದರು. ಹಗರಣಕ್ಕೂ ಅವರಿಗೂ ನಂಟಿದೆ ಎನ್ನುವ ಪುರಾವೆ ಪೊಲೀಸರಿಗೆ ಸಿಗಲಿಲ್ಲ. ಹಾಸಿಗೆಯನ್ನು ಯಾವ ನಿಯಮದಂತೆ, ಯಾರ ಒಪ್ಪಿಗೆಯಿಂದ ಕೊಡುತ್ತಾರೆ ಎಂಬುದು ಊರಿಗೆಲ್ಲ ಗೊತ್ತಿರುವಂತೆ ಗೋಡೆಯ ಮೇಲೆ ಬರೆದಿದ್ದರೆ ಬ್ಲಾಕಿಂಗೂ ಕಷ್ಟವಾಗುತ್ತಿತ್ತು, ತಿಂಗಳ ಸಂಬಳಕ್ಕೆ ಹಗಲಿರುಳು ಫೋನ್ ಎತ್ತುತ್ತಿದ್ದ ಹುಡುಗರ ಮೇಲೆ ಕೆಸರೆರಚುವುದೂ ಕಷ್ಟವಾಗುತ್ತಿತ್ತು. ವ್ಯವಸ್ಥೆ ಕತ್ತಲಲ್ಲಿದ್ದಾಗ ಬೆರಳು ಯಾವಾಗಲೂ ದುರ್ಬಲನ ಕಡೆಗೇ ಹೋಗುತ್ತದೆ.

ಈಗ ಲಸಿಕೆ. ಲಸಿಕೆಯ ನೋಂದಣಿ ಪೋರ್ಟಲ್ ಕೋವಿನ್ ದೊಡ್ಡ ಕೆಲಸ ಮಾಡಿತು, ಅದನ್ನು ಅಲ್ಲಗಳೆಯುವವನು ನಾನಲ್ಲ. 2022ರ ಜುಲೈ ಹೊತ್ತಿಗೆ ದೇಶ 200 ಕೋಟಿ ಡೋಸ್ ದಾಟಿತ್ತು, ಪ್ರತಿಯೊಂದಕ್ಕೂ ದಾಖಲೆ ಇತ್ತು. ಆದರೆ 2021ರ ಮೇ ತಿಂಗಳನ್ನು ಮರೆಯಬೇಡಿ. 18ರಿಂದ 44ರ ವಯಸ್ಸಿನವರಿಗೆ ಲಸಿಕೆ ಬೇಕೆಂದರೆ ಮೊದಲೇ ಆನ್‌ಲೈನಿನಲ್ಲಿ ಸ್ಲಾಟ್ ಹಿಡಿಯಬೇಕಿತ್ತು. ಪೋರ್ಟಲ್ ಆಗ ಇಂಗ್ಲಿಷಿನಲ್ಲಿ ಮಾತ್ರ. ಓದಿದ ಹುಡುಗರು ಸ್ಲಾಟ್ ತೆರೆದ ಕೂಡಲೇ ಗಂಟೆ ಬಾರಿಸುವ ಟೆಲಿಗ್ರಾಂ ಬಾಟ್‌ಗಳನ್ನು ಬರೆದುಕೊಂಡರು. ಬೆಂಗಳೂರಿನ ಟೆಕ್ಕಿಗಳು ಕಾರು ಹತ್ತಿ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಚುಚ್ಚಿಸಿಕೊಂಡು ಬಂದರು. ಆ ಹಳ್ಳಿಯ ಕೂಲಿಯವರು ತಮ್ಮೂರ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಹೊರಗಿನವರ ಕಾರುಗಳನ್ನು ನೋಡಿದರು. ದೆಹಲಿಯಿಂದಲೂ ಜನ ಹರಿಯಾಣ, ಉತ್ತರ ಪ್ರದೇಶದ ಕೇಂದ್ರಗಳಿಗೆ ಹೀಗೇ ಹೋದರು. ಯಾರೂ ಕಾನೂನು ಮುರಿಯಲಿಲ್ಲ. ಅದೇ ನನ್ನ ಸಂಕಟ. ಕಾನೂನೇ ಓದಿದವನ ಬೆರಳಿಗೆ ಮೊದಲ ಮಣೆ ಹಾಕಿತ್ತು.

ಅದೇ ಹೊತ್ತಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ 2019-21ರದು, ಹೇಳಿದ ಸತ್ಯ ಇದು: ಈ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಮಹಿಳೆಯರು ನೂರಕ್ಕೆ 33.3, ಪುರುಷರು 57.1. ಮೂರರಲ್ಲಿ ಇಬ್ಬರು ಹೆಂಗಸರು ಇಂಟರ್ನೆಟ್ ಮುಟ್ಟಿಯೇ ಇರಲಿಲ್ಲ. 2021ರ ಮೇ 31ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಎಲ್. ನಾಗೇಶ್ವರ ರಾವ್, ಎಸ್. ರವೀಂದ್ರ ಭಟ್ ಅವರಿದ್ದ ಪೀಠ ಈ ಡಿಜಿಟಲ್ ಕಂದಕವನ್ನೇ ಎತ್ತಿ ಹೇಳಿತು. ಡಿಜಿಟಲ್ ಪೋರ್ಟಲ್ ಒಂದನ್ನೇ ನೆಚ್ಚಿಕೊಂಡ ಲಸಿಕೆ ನೀತಿ ಎಲ್ಲರನ್ನೂ ಮುಟ್ಟಲಾರದು ಎಂದಿತು. ಅದಾದ ಮೇಲೆ ಜೂನಿನಲ್ಲಿ ಕನ್ನಡವೂ ಸೇರಿ ದೇಶಭಾಷೆಗಳು ಪೋರ್ಟಲಿನೊಳಗೆ ಬಂದವು, ನೇರವಾಗಿ ಹೋಗಿ ಲಸಿಕೆ ಹಾಕಿಸಿಕೊಳ್ಳುವ ದಾರಿ ಎಲ್ಲರಿಗೂ ತೆರೆಯಿತು. ಎರಡನೆಯ ಅಲೆ ಆಗಲೇ ತನ್ನ ಪಾಲಿನ ಜೀವಗಳನ್ನು ಕೊಂಡೊಯ್ದಿತ್ತು.

ಹೊರಗಿಟ್ಟದ್ದು ಒಂದು ಅನ್ಯಾಯವಾದರೆ, ಒಳಗೆ ಸೇರಿಸಿಕೊಂಡವರ ಮೇಲೆ ಕಣ್ಣಿಟ್ಟದ್ದು ಇನ್ನೊಂದು. 2020ರ ಮಾರ್ಚಿನಲ್ಲಿ ನಮ್ಮ ಕರ್ನಾಟಕ ಸರ್ಕಾರ ಹೋಮ್ ಕ್ವಾರಂಟೈನ್‌ನಲ್ಲಿದ್ದವರ ಮನೆ ವಿಳಾಸಗಳನ್ನು ಜಿಲ್ಲಾವಾರು ಪಟ್ಟಿ ಮಾಡಿ ಪ್ರಕಟಿಸಿತು. ನೆರೆಯವರು ಆ ಮನೆಗಳ ಕಡೆ ನೋಡುವ ನೋಟವೇ ಬದಲಾಯಿತು. ಆಮೇಲೆ ‘ಕ್ವಾರಂಟೈನ್ ವಾಚ್’ ಆ್ಯಪ್. ರಾತ್ರಿ 10ರಿಂದ ಬೆಳಿಗ್ಗೆ 7ರವರೆಗೆ ಬಿಟ್ಟು ಉಳಿದಂತೆ ಪ್ರತಿ ಗಂಟೆಗೂ ಒಂದು ಸೆಲ್ಫಿ ಕಳಿಸಬೇಕು, ಕಳಿಸದಿದ್ದರೆ ಸಾಮೂಹಿಕ ಕ್ವಾರಂಟೈನಿಗೆ ಎಳೆದೊಯ್ಯುತ್ತೇವೆ ಎಂಬ ಆದೇಶ. ಕಾಯಿಲೆಯವರನ್ನು ಆರೋಪಿಗಳಂತೆ ಕಾಣುವುದು ಆರೈಕೆ ಹೇಗಾದೀತು?

ಏಪ್ರಿಲ್ 2ರಂದು ಸೋಂಕಿತರ ಸಂಪರ್ಕ ಪತ್ತೆಹಚ್ಚುವ ಕೇಂದ್ರದ ಆ್ಯಪ್ ‘ಆರೋಗ್ಯ ಸೇತು’ ಬಂತು. ಒಂದೇ ತಿಂಗಳಲ್ಲಿ ಕೆಲಸಕ್ಕೆ ಹೋಗುವವರಿಗೆಲ್ಲ ಅದು ಕಡ್ಡಾಯವಾಯಿತು. ಇದನ್ನು ಪ್ರಶ್ನಿಸಿದ ಅರ್ಜಿ ನಮ್ಮದೇ ಕರ್ನಾಟಕ ಹೈಕೋರ್ಟಿಗೆ ಹೋಯಿತು ಎಂಬುದು ನನಗೆ ಹೆಮ್ಮೆಯ ಸಂಗತಿ. ಆ್ಯಪ್ ಹಾಕಿಕೊಂಡಿಲ್ಲ ಎಂಬ ಕಾರಣಕ್ಕೆ ಸರ್ಕಾರಿ ಸೌಲಭ್ಯ ನಿರಾಕರಿಸುವಂತಿಲ್ಲ ಎಂದು 2020ರ ಅಕ್ಟೋಬರಿನಲ್ಲಿ ಕೋರ್ಟ್ ಹೇಳಿತು. ಬಳಸುವವರ ತಿಳಿದ ಒಪ್ಪಿಗೆ ಇಲ್ಲದೆ ಅವರ ಮಾಹಿತಿಯನ್ನು ಹಂಚಬೇಡಿ ಎಂದು 2021ರ ಜನವರಿ 25ರಂದು ತಡೆಯೂ ಕೊಟ್ಟಿತು. ನಾರ್ವೆಯಲ್ಲಿ ಇಂಥದೇ ಆ್ಯಪಿನ ಬಗ್ಗೆ ಅಲ್ಲಿನ ದತ್ತಾಂಶ ರಕ್ಷಣಾ ಸಂಸ್ಥೆ ಆಕ್ಷೇಪ ಎತ್ತಿದಾಗ, 2020ರ ಜೂನಿನಲ್ಲಿ ಅದನ್ನು ನಿಲ್ಲಿಸಿ ಕೂಡಿಹಾಕಿದ ಮಾಹಿತಿಯನ್ನು ಅಳಿಸಿದರು. ನಮ್ಮಲ್ಲಿ 2023ರ ಜೂನಿನಲ್ಲಿ ಟೆಲಿಗ್ರಾಂ ಬಾಟ್ ಒಂದು ಲಸಿಕೆ ಪಡೆದವರ ವೈಯಕ್ತಿಕ ವಿವರಗಳನ್ನು ಕೇಳಿದವರಿಗೆಲ್ಲ ಕೊಡುತ್ತಿದೆ ಎಂಬ ಸುದ್ದಿ ಬಂತು. ಕೋವಿನ್ ದತ್ತಾಂಶಕ್ಕೆ ನೇರವಾಗಿ ಕನ್ನ ಬಿದ್ದಿಲ್ಲ ಎಂದು ಸರ್ಕಾರ ಸಮಜಾಯಿಷಿ ಕೊಟ್ಟಿತು. ಅದೇ ವರ್ಷದ ದತ್ತಾಂಶ ರಕ್ಷಣಾ ಕಾಯ್ದೆ ಸಾಂಕ್ರಾಮಿಕದ, ವಿಕೋಪದ ಕಾಲದಲ್ಲಿ ಒಪ್ಪಿಗೆ ಇಲ್ಲದೆಯೇ ಮಾಹಿತಿ ಬಳಸಲು ಅವಕಾಶ ಇಟ್ಟುಕೊಂಡಿದೆ. ಜೀವ ಉಳಿಸಲು ಬೇಕಾದೀತು, ಒಪ್ಪೋಣ. ಸಂಕಟ ಮುಗಿದ ಮೇಲೆ ಆ ಮಾಹಿತಿ ಯಾವ ದಿನ, ಯಾರ ಸಹಿಯಿಂದ ಅಳಿಯುತ್ತದೆ ಎಂದು ಕೇಳುವುದನ್ನು ಮಾತ್ರ ಬಿಡಬಾರದು.

ಇಷ್ಟು ಹೇಳಿದ ಮೇಲೆ, ತಂತ್ರಜ್ಞಾನವೇ ಬೇಡ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬೇಡಿ. ಒಳ್ಳೆಯದನ್ನು ನಮ್ಮ ನಾಡೇ ಮಾಡಿ ತೋರಿಸಿದೆ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಹುಟ್ಟಿದ ಸಂಸ್ಥೆ ಇಂದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿಗಳ ಮಟ್ಟದಲ್ಲಿ ಮಳೆಮಾಪಕಗಳನ್ನು ನೆಟ್ಟು ಮಾಹಿತಿಯನ್ನು ಕ್ಷಣಕ್ಷಣಕ್ಕೂ ತರಿಸಿಕೊಳ್ಳುತ್ತದೆ. ಅದರ ‘ವರುಣ ಮಿತ್ರ’ ಸಹಾಯವಾಣಿಗೆ ರೈತ ಯಾವ ಹೊತ್ತಿನಲ್ಲಾದರೂ ಬಟನ್ ಫೋನಿನಿಂದ ಕರೆ ಮಾಡಿ, ನಮ್ಮೂರಿಗೆ ನಾಳೆ ಮಳೆ ಇದೆಯೇನಪ್ಪಾ ಎಂದು ಕನ್ನಡದಲ್ಲೇ ಕೇಳಬಹುದು. ಹಿಂದೆ ಉಪಗ್ರಹ, ಸೆನ್ಸರ್, ಕಂಪ್ಯೂಟರ್ ಎಲ್ಲ ಇವೆ. ಮುಂದೆ ಮಾತಾಡುವ ಮನುಷ್ಯ ಇದ್ದಾನೆ. ಆಫ್ರಿಕಾದ ಬಡ ದೇಶ ಟೋಗೊ 2020ರ ಏಪ್ರಿಲಿನಲ್ಲಿ ‘ನೊವಿಸಿ’ ಎಂಬ ಯೋಜನೆ ತಂದು, ಇಂಟರ್ನೆಟ್ ಇಲ್ಲದ ಸಾಧಾರಣ ಫೋನಿನಿಂದ ಒಂದು ಸಂಖ್ಯೆ ಒತ್ತಿದರೆ ಅರ್ಹರಿಗೆ ಪರಿಹಾರದ ಹಣ ಫೋನಿಗೇ ಸೇರುವಂತೆ ಮಾಡಿತು. ಹೆಂಗಸರಿಗೆ ಗಂಡಸರಿಗಿಂತ ಸ್ವಲ್ಪ ಹೆಚ್ಚು ಕೊಟ್ಟಿತು. ಬಡವರ ಕೈಯಲ್ಲಿ ಏನಿದೆ ಎಂದು ಮೊದಲು ನೋಡಿ ಆಮೇಲೆ ಯಂತ್ರ ಕಟ್ಟಿದರು. ನಾವು ಯಂತ್ರ ಕಟ್ಟಿದ ಮೇಲೆ ಬಡವರನ್ನು ಅದಕ್ಕೆ ತಕ್ಕಂತೆ ತಿರುಚಲು ನೋಡುತ್ತೇವೆ.

ಇದೆಲ್ಲ ಮುಗಿದುಹೋದ ಕೋವಿಡ್ ಕಥೆ ಎನ್ನಬೇಡಿ. ಈಗ ಪ್ರತಿ ಚಳಿಗಾಲವೂ ದೆಹಲಿಗೆ ತುರ್ತು ಪರಿಸ್ಥಿತಿಯೇ. ಗಾಳಿ ವಿಷವಾದಾಗ, ಮಾಲಿನ್ಯದ ಮಟ್ಟಕ್ಕೆ ತಕ್ಕಂತೆ ನಿರ್ಬಂಧ ಹೇರುವ ಗ್ರ್ಯಾಪ್ ನಿಯಮಗಳು ಜಾರಿಗೆ ಬಂದು ಕಟ್ಟಡದ ಕೆಲಸ ನಿಲ್ಲುತ್ತದೆ. ಗಾಳಿಯ ಮಟ್ಟ ಆ್ಯಪಿನಲ್ಲಿ ಕಾಣುತ್ತದೆ, ಪೀತಮ್‌ಪುರದ ಮನೆಗಳಲ್ಲಿ ಏರ್ ಪ್ಯೂರಿಫೈಯರ್ ಓಡುತ್ತದೆ. ಇಟ್ಟಿಗೆ ಹೊರುವವರಿಗೆ ಆ ದಿನದ ಕೂಲಿ ಇಲ್ಲ, ಉಸಿರಾಡಲು ಅದೇ ಗಾಳಿ. ಕೂಲಿ ಕಳೆದುಕೊಂಡವರಿಗೆ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಪದೇಪದೇ ಹೇಳಬೇಕಾಯಿತು. 2024ರ ಡಿಸೆಂಬರಿನಲ್ಲಿ, 8,000 ರೂಪಾಯಿಯ ಬದಲು 2,000 ಮಾತ್ರ ಕೊಟ್ಟದ್ದೇಕೆ ಎಂದು ದೆಹಲಿಯ ಮುಖ್ಯ ಕಾರ್ಯದರ್ಶಿಯನ್ನೇ ಅದು ತರಾಟೆಗೆ ತೆಗೆದುಕೊಂಡಿತು. ಆಗ ಆ ಹಣ ಸಿಗುತ್ತಿದ್ದುದೂ ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ನೋಂದಾಯಿಸಿ ಪರಿಶೀಲನೆ ಮುಗಿದ ಸುಮಾರು 90,000 ಮಂದಿಗೆ ಮಾತ್ರ. ಇಷ್ಟು ದೊಡ್ಡ ರಾಜಧಾನಿಯನ್ನು ಕಟ್ಟುತ್ತಿರುವವರು ಅಷ್ಟೇ ಮಂದಿಯೇ? ಕರ್ನಾಟಕದಲ್ಲೂ ಇದೇ ಹಾಡು. 2023ರ ಬರದಲ್ಲಿ 236ರಲ್ಲಿ 223 ತಾಲ್ಲೂಕುಗಳು ಬರಪೀಡಿತವಾದವು. ಬೆಳೆ ಪರಿಹಾರ ಹೋದದ್ದು ಸರ್ಕಾರದ ರೈತ ನೋಂದಣಿ ಪೋರ್ಟಲ್ ‘ಫ್ರೂಟ್ಸ್’ನ ಗುರುತಿನ ಸಂಖ್ಯೆ ಇದ್ದವರ ಖಾತೆಗೆ. ಪಹಣಿಯಲ್ಲಿ ಹೆಸರಿಲ್ಲದೆ ಬಾಯಿಮಾತಿನ ಗುತ್ತಿಗೆಯಲ್ಲಿ ಉಳುವವರ ಬೆಳೆಯೂ ಒಣಗಿತ್ತು, ಅವರು ಮಾತ್ರ ಆ ವ್ಯವಸ್ಥೆಗೆ ಕಾಣಲಿಲ್ಲ.

ಹೀಗೆ ಹೊರಗುಳಿಯುವವರ ಪರವಾಗಿ 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂತು. ಆಸಿಡ್ ದಾಳಿಯಲ್ಲಿ ಕಣ್ಣು, ಮುಖ ಸುಟ್ಟವರಿಗೆ ಮತ್ತು ದೃಷ್ಟಿ ಇಲ್ಲದವರಿಗೆ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಕೆವೈಸಿ ಮಾಡಿ ಎಂದರೆ ಅವರೇನು ಮಾಡಬೇಕು ಎಂಬುದು ಅರ್ಜಿಯ ಪ್ರಶ್ನೆ. ನ್ಯಾಯಮೂರ್ತಿಗಳಾದ ಜೆ.ಬಿ. ಪಾರ್ದಿವಾಲಾ ಮತ್ತು ಆರ್. ಮಹದೇವನ್, ಡಿಜಿಟಲ್ ಸೇವೆಯನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದರು. ನಮ್ಮ ಕೈಗೆ ಸಿಕ್ಕಿರುವ ಬಲ ಇದು. ಇದನ್ನು ಹಿಡಿದು ಕೇಳೋಣ.

ಏನನ್ನು ಕೇಳಬೇಕು? ಯಾವ ಪರಿಹಾರಕ್ಕೂ ಆನ್‌ಲೈನ್ ಒಂದೇ ದಾರಿಯಾಗಬಾರದು. ವಾರ್ಡಿನ ಶಾಲೆ, ಅಂಗನವಾಡಿ, ಪಂಚಾಯಿತಿ ಕಚೇರಿಯಲ್ಲಿ ಕಾಗದದ ಅರ್ಜಿ ತೆಗೆದುಕೊಂಡು ರಸೀದಿ ಕೊಡುವವರು ಇರಬೇಕು. ಯಂತ್ರ ಅರ್ಜಿ ತಿರಸ್ಕರಿಸಿದರೆ ಕಾರಣವನ್ನು ಅರ್ಜಿದಾರರ ಭಾಷೆಯಲ್ಲಿ ಬರೆದು ಕೊಡಬೇಕು, ಅದನ್ನು ಸರಿಪಡಿಸುವ ಅಧಿಕಾರಿಯ ಹೆಸರು, ಫೋನು ಅಲ್ಲೇ ಇರಬೇಕು. ಆಧಾರ್ ಹೊಂದಲಿಲ್ಲ, ಬೆರಳಚ್ಚು ಮೂಡಲಿಲ್ಲ ಎಂದು ಹಸಿದವರನ್ನು ಹಿಂದಕ್ಕೆ ಕಳಿಸಬಾರದು. ಮೊದಲು ಧಾನ್ಯ, ಪರಿಶೀಲನೆ ಆಮೇಲೆ. ಇದಾವುದಕ್ಕೂ ಹೊಸ ಸಂಶೋಧನೆ ಬೇಕಿಲ್ಲ, ಮನಸ್ಸು ಬೇಕು.

ಬೆಂಗಳೂರಿನ ನನ್ನ ತಮ್ಮ ತಂಗಿಯರೇ, ಸರ್ಕಾರದ ಆ್ಯಪ್ ಕಟ್ಟುವ ಗುತ್ತಿಗೆ ನಿಮ್ಮ ಕಂಪನಿಗೆ ಬಂದಾಗ ಮೊದಲ ಮೀಟಿಂಗಿನಲ್ಲೇ ಕೈ ಎತ್ತಿ ಕೇಳಿ: ಫೋನ್ ಇಲ್ಲದವರು ಏನು ಮಾಡಬೇಕು? ಉತ್ತರ ಬರೆದುಕೊಳ್ಳುವವರೆಗೆ ಮುಂದಿನ ಪುಟಕ್ಕೆ ಹೋಗಬೇಡಿ. ನಿಮ್ಮ ಅಜ್ಜಿ ಊರಿನಲ್ಲಿ ಆ ಫಾರಂ ತುಂಬಬಲ್ಲರೇ ಎಂದು ಒಮ್ಮೆ ಅವರ ಕೈಗೇ ಕೊಟ್ಟು ನೋಡಿ. ಅಧಿಕಾರಿಗಳಾಗಿರುವ ಕನ್ನಡಿಗರೇ, ನಿಮ್ಮ ಡ್ಯಾಶ್‌ಬೋರ್ಡ್ ಹಸಿರಾಗಿದ್ದಾಗಲೂ ವಾರಕ್ಕೊಮ್ಮೆ ಎದ್ದು ಸಾಲು ನಿಂತಿರುವ ಕಡೆ ಹೋಗಿ ನಿಲ್ಲಿ. ದೆಹಲಿ ಕರ್ನಾಟಕ ಸಂಘದ ಗೆಳೆಯರೇ, ನಾಟಕ, ಸಂಗೀತ, ರಾಜ್ಯೋತ್ಸವಗಳ ಜೊತೆಗೆ ತಿಂಗಳಿಗೊಂದು ಮಧ್ಯಾಹ್ನ ಫಾರಂ ತುಂಬಿಕೊಡುವ ಕೆಲಸಕ್ಕೂ ನಮ್ಮ ಬಾಗಿಲು ತೆರೆಯೋಣ, ಬರುವವರು ಕನ್ನಡಿಗರೇ ಆಗಬೇಕೆಂದಿಲ್ಲ. ಪೀತಮ್‌ಪುರದ ನೆರೆಹೊರೆಯವರೇ, ನಿಮ್ಮ ಮನೆಗೆಲಸದವರ, ಕಾವಲುಗಾರರ, ಇಸ್ತ್ರಿಯವರ ಹೆಸರು ಪಡಿತರದಲ್ಲಿ, ಇ-ಶ್ರಮದಲ್ಲಿ, ಕಟ್ಟಡ ಕಾರ್ಮಿಕರ ಮಂಡಳಿಯಲ್ಲಿ ಇದೆಯೇ ಎಂದು ಈ ವಾರವೇ ವಿಚಾರಿಸಿ. ಇಲ್ಲದಿದ್ದರೆ ಜೊತೆಗೆ ಕೂತು ಸೇರಿಸಿ, ಸೇರಿಸಲು ಬಿಡದ ಕಚೇರಿಗೆ ನಿಮ್ಮ ಹೆಸರಿನಲ್ಲಿ ದೂರು ಬರೆಯಿರಿ. ಮುಂದಿನ ಗ್ರ್ಯಾಪ್ ಆದೇಶ ಬರುವ ಮೊದಲು ಇದಾಗಬೇಕು.